ವಾಟ್ಸಾಪ್‌ನಲ್ಲಿ ಕುದುರಿದ ಬೆಲ್ಲದ ವ್ಯಾಪಾರ: ಸಹಿ ಇಲ್ಲ ಅಂದರೆ ಕರಾರೂ ಇಲ್ವಾ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಣ್ಣ, ನಾನು ಸೇರಿ ಆಲೆಮನೆ ನಡೆಸುತ್ತೇವೆ. ಆಷಾಢದಲ್ಲಿ ನನ್ನ ಮಗ ವಾಟ್ಸಾಪ್ ಸ್ಟೇಟಸ್‌ಗೆ ‘ಕೆಮಿಕಲ್ ಹಾಕದ ಅಚ್ಚು ಬೆಲ್ಲ, ಕ್ವಿಂಟಾಲ್‌ಗೆ 5,200’ ಅಂತ ಫೋಟೊ ಹಾಕಿದ್ದ. ಮೈಸೂರು ಸಂತೆಪೇಟೆಯ ಒಬ್ಬ ವ್ಯಾಪಾರಿ ನೋಡಿ ಮೊದಲು ಎರಡು ಅಚ್ಚು ಸ್ಯಾಂಪಲ್ ತರಿಸಿಕೊಂಡರು. ಆಮೇಲೆ ‘60 ಕ್ವಿಂಟಾಲ್ ಬೇಕು, 5,000ಕ್ಕೆ ಮಾಡಿ, ಗಣೇಶನ ಹಬ್ಬಕ್ಕೆ ಮುಂಚೆ ನಿಮ್ಮ ಆಲೆಮನೆಯಿಂದಲೇ ಎರಡು ಲಾಟಲ್ಲಿ ಎತ್ತುತ್ತೇನೆ’ ಅಂತ ಮೆಸೇಜ್ ಹಾಕಿದರು. ನಾನು ವಾಯ್ಸ್ ಮೆಸೇಜ್‌ನಲ್ಲಿ ‘ಆಯ್ತು ಸಾರ್, ಆದ್ರೆ ಲೋಡ್ ಮಾಡೋ ಹಮಾಲಿ ನಿಮ್ದು’ ಅಂದೆ. ಅವರು ಹೆಬ್ಬೆರಳಿನ ಗುರುತು (ಥಮ್ಸ್ ಅಪ್ ಇಮೋಜಿ) ಕಳಿಸಿದರು. ಅರ್ಧ ಗಂಟೆಯಲ್ಲಿ ಫೋನ್‌ಪೇನಲ್ಲಿ 30,000 ಅಡ್ವಾನ್ಸ್ ಬಂತು. ಮೊದಲ ಲಾಟಿಗೆ 35 ಕ್ವಿಂಟಾಲ್ ರೆಡಿ ಮಾಡಿದೆವು. ಅಷ್ಟರಲ್ಲಿ ಮಂಡ್ಯದಲ್ಲಿ ರೇಟು 4,400ಕ್ಕೆ ಇಳಿಯಿತು. ಎತ್ತಬೇಕಾದ ದಿನ ಫೋನ್ ಮಾಡಿ, ‘ಎರಡೂ ಲಾಟು ಬೇಡ. ಅಗ್ರಿಮೆಂಟ್ ಆಗಿದೆಯಾ? ಸಹಿ ಎಲ್ಲಿದೆ? ಬೆಲ್ಲದ ಬಣ್ಣವೂ ಕಪ್ಪು. ಮೆಸೇಜ್ ಮಾಡಿದ್ದು ನಿಮ್ಮ ಹುಡುಗ, ಅವನು ಮೈನರ್. ಅಡ್ವಾನ್ಸ್ ವಾಪಸ್ ಹಾಕಿ’ ಅನ್ನುತ್ತಿದ್ದಾರೆ. ಮಗನಿಗೆ 17 ವರ್ಷ, ನಾನು ಹೇಳಿದ್ದನ್ನು ಅವನು ಟೈಪ್ ಮಾಡಿದ್ದು ನಿಜ. ಸ್ಟಾಂಪ್ ಪೇಪರ್ ಇಲ್ಲದೆ ಕೇಸು ನಿಲ್ಲಲ್ಲ ಅಂತ ಅಣ್ಣ ಹೇಳುತ್ತಾನೆ. ಸ್ನೇಹಿತರೊಬ್ಬರು ‘ಸ್ಟೇಷನ್‌ನಲ್ಲಿ ಚೀಟಿಂಗ್ ಕೇಸ್ ಹಾಕು’ ಅನ್ನುತ್ತಾರೆ. ಇನ್ನೊಬ್ಬರು ‘ಅಡ್ವಾನ್ಸ್ ಮುಟ್ಟುಗೋಲು ಹಾಕಿಕೊ, ಕಥೆ ಮುಗೀತು’ ಅನ್ನುತ್ತಾರೆ. ಬೆಲ್ಲ ಹಾಗೇ ಇದೆ. ಮಳೆಗಾಲ ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಚಿಂತೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಕೂಡಿಕೊಂಡಿವೆ. ಕರಾರು ಆಗಿದೆಯಾ ಅನ್ನೋದು ಒಂದು. ಆಗಿದ್ದರೆ ನನಗೆ ಎಷ್ಟು ಸಿಗುತ್ತದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಪರ ಇದೆ. ಎರಡನೆಯದರ ಲೆಕ್ಕ ಮಾತ್ರ ನೀವಂದುಕೊಂಡಷ್ಟು ದೊಡ್ಡದಲ್ಲ. ಆದರೆ ಆ ಲೆಕ್ಕದ ಬಹುಪಾಲು ದುಡ್ಡು ಅಡ್ವಾನ್ಸ್ ರೂಪದಲ್ಲಿ ಆಗಲೇ ನಿಮ್ಮ ಕೈಯಲ್ಲಿದೆ. ಅದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ನಿಮ್ಮ ಅಣ್ಣನ ಮಾತು. ಮಂಡ್ಯ ಕೋರ್ಟಿನಲ್ಲಿ ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಎಂಟು ಜನ ಇದನ್ನೇ ಹೇಳುತ್ತಾರೆ: ಸ್ಟಾಂಪ್ ಪೇಪರ್ ಇಲ್ಲ, ಅಂದಮೇಲೆ ಏನೂ ಇಲ್ಲ. ಇದು ತಪ್ಪು. ನಮ್ಮ ಕರಾರು ಕಾಯ್ದೆ 1872ರದು. ಅದರ 10ನೇ ಕಲಂನಲ್ಲಿ ಕರಾರಿಗೆ ಏನೇನು ಬೇಕು ಅಂತ ಇದೆ. ಇಬ್ಬರೂ ಮನಸಾರೆ ಒಪ್ಪಿರಬೇಕು. ಇಬ್ಬರೂ ಕರಾರು ಮಾಡಿಕೊಳ್ಳಲು ಅರ್ಹರಾಗಿರಬೇಕು. ಕೊಡೋದು, ತಗೊಳ್ಳೋದು ಎರಡೂ ಇರಬೇಕು. ಉದ್ದೇಶ ಕಾನೂನಿಗೆ ವಿರುದ್ಧ ಇರಬಾರದು. ಬರವಣಿಗೆ ಬೇಕು ಅಂತ ಬೇರೆ ಕಾನೂನು ಎಲ್ಲಾದರೂ ಹೇಳಿದ್ದರೆ ಮಾತ್ರ ಬರವಣಿಗೆ ಬೇಕು. ಸರಕು ಮಾರಾಟಕ್ಕೆ ಅಂಥ ಷರತ್ತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 5ನೇ ಕಲಂ ಇದನ್ನು ಬಿಡಿಸಿಯೇ ಹೇಳಿದೆ: ಬರೆದಾದರೂ ಆಗಬಹುದು, ಬಾಯಿಮಾತಿನಲ್ಲಾದರೂ ಆಗಬಹುದು, ಅರ್ಧ ಬರೆದು ಅರ್ಧ ಮಾತಿನಲ್ಲಾದರೂ ಆಗಬಹುದು, ಬರೀ ನಡತೆಯಿಂದಲೂ ಆಗಬಹುದು.

ಜನಕ್ಕೆ ಈ ತಪ್ಪು ತಿಳಿವಳಿಕೆ ಬಂದಿದ್ದು ಜಮೀನು, ಸೈಟಿನ ವ್ಯವಹಾರದಿಂದ. ಅಲ್ಲಿ ನಿಯಮವೇ ಬೇರೆ. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ರಿಜಿಸ್ಟರ್ ಆಗದೆ ನಡೆಯಲ್ಲ. ಆ ಅಭ್ಯಾಸವನ್ನೇ ನಾವು ಬೆಲ್ಲ, ರಾಗಿ, ರೇಷ್ಮೆಗೂಡಿಗೂ ಹಚ್ಚಿ ಕೂತಿದ್ದೇವೆ. ಇನ್ನು ಸ್ಟಾಂಪ್ ಪೇಪರ್ ಅನ್ನೋದು ಸರ್ಕಾರಕ್ಕೆ ಕಟ್ಟುವ ಶುಲ್ಕ, ಅಷ್ಟೇ. ಬರೆದು ಸಹಿ ಹಾಕಿದ ಕರಾರಿಗೆ ಶುಲ್ಕ ಕಟ್ಟದಿದ್ದರೆ, ಶುಲ್ಕ ಮತ್ತು ದಂಡ ಕಟ್ಟುವ ತನಕ ಕೋರ್ಟು ಆ ಕಾಗದವನ್ನು ಸಾಕ್ಷಿಯಾಗಿ ತಗೊಳ್ಳಲ್ಲ. ಅಷ್ಟಕ್ಕೆ ಕರಾರೇ ಸತ್ತುಹೋಯಿತು ಅಂತಲ್ಲ. ನೋಟರಿ ಸೀಲು ಕೂಡ ಕರಾರನ್ನು ಹುಟ್ಟಿಸಲ್ಲ.

ಹಾಗಾದರೆ ನಿಮ್ಮ ಕರಾರು ಹುಟ್ಟಿದ್ದು ಯಾವಾಗ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಎದುರು ಪಾರ್ಟಿಯ ವಕೀಲರು ಕೈ ಹಾಕೋದು ಇಲ್ಲಿಗೇ.

ಮಗ ಸ್ಟೇಟಸ್‌ಗೆ 5,200 ಅಂತ ಹಾಕಿದ್ದು ಪ್ರಸ್ತಾಪ ಅಲ್ಲ. ಅದು ಬರೀ ‘ಬನ್ನಿ, ಕೇಳಿ’ ಅನ್ನುವ ಆಹ್ವಾನ. ಅಂಗಡಿ ಮುಂದಿನ ರೇಟ್ ಬೋರ್ಡ್ ಇದ್ದ ಹಾಗೆ. ಅದನ್ನು ನೋಡಿ ಇನ್ನೂರು ಜನ ‘ನನಗೆ 60 ಕ್ವಿಂಟಾಲ್’ ಅಂದರೆ ಇನ್ನೂರು ಜನಕ್ಕೂ ನೀವು ಕೊಡಲೇಬೇಕಾಗುತ್ತಿತ್ತಾ? ಇಲ್ಲ. ವ್ಯಾಪಾರಿ ‘60 ಕ್ವಿಂಟಾಲ್, 5,000, ಆಲೆಮನೆಯಿಂದ ಎರಡು ಲಾಟು, ಹಬ್ಬಕ್ಕೆ ಮುಂಚೆ’ ಅಂದರಲ್ಲ, ಅದು ಮೊದಲ ಪ್ರಸ್ತಾಪ. ಎಷ್ಟು, ಎಷ್ಟಕ್ಕೆ, ಎಲ್ಲಿ, ಯಾವಾಗ, ಎಲ್ಲವೂ ಅದರಲ್ಲಿದೆ. ಇದು ಮುಖ್ಯ. ಏನು ಮಾತಾಡಿಕೊಂಡರು ಅಂತಲೇ ಗೊತ್ತಾಗದಷ್ಟು ಅಸ್ಪಷ್ಟವಾಗಿದ್ದರೆ ಕರಾರು ಊರ್ಜಿತ ಆಗಲ್ಲ. ‘ಒಳ್ಳೆ ರೇಟು ಕೊಡೋಣ ಬಿಡಿ’ ಅನ್ನುವ ಮಾತಿನ ಮೇಲೆ ಬೆಲ್ಲ ಕಾಯಿಸಿದವರನ್ನೂ ನೋಡಿದ್ದೇನೆ. ಅವರಿಗೆ ನಾನೂ ಏನೂ ಮಾಡಲಾಗಲಿಲ್ಲ.

ಈಗ ನಿಮ್ಮ ವಾಯ್ಸ್ ಮೆಸೇಜ್. ‘ಆಯ್ತು ಸಾರ್’ ಅಂದಿದ್ದೀರಿ, ಅಷ್ಟಕ್ಕೇ ನಿಲ್ಲಿಸಿಲ್ಲ. ‘ಆದ್ರೆ ಹಮಾಲಿ ನಿಮ್ದು’ ಅಂತ ಸೇರಿಸಿದ್ದೀರಿ. ಕರಾರು ಕಾಯ್ದೆಯ 7ನೇ ಕಲಂ ಪ್ರಕಾರ ಒಪ್ಪಿಗೆ ಪೂರ್ತಿ ಇರಬೇಕು, ಷರತ್ತು ಸೇರಿರಬಾರದು. ‘ಆದ್ರೆ’ ಬಂದ ಕೂಡಲೇ ಅದು ಒಪ್ಪಿಗೆ ಅಲ್ಲ, ಪ್ರತಿ-ಪ್ರಸ್ತಾಪ, ಅಂದರೆ ನಿಮ್ಮ ಕಡೆಯ ಹೊಸ ಪ್ರಸ್ತಾಪ. ಅವರ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು, ಚೆಂಡು ಅವರ ಅಂಗಳಕ್ಕೆ ಹೋಯಿತು. ಅವರು ಸುಮ್ನೆ ಇದ್ದುಬಿಟ್ಟಿದ್ದರೆ ಇವತ್ತು ನಿಮಗೆ ಕರಾರು ಇರುತ್ತಿರಲಿಲ್ಲ. ಮೌನವನ್ನು ಒಪ್ಪಿಗೆ ಅಂತ ಕಾನೂನು ಸಾಮಾನ್ಯವಾಗಿ ತಗೊಳ್ಳಲ್ಲ. ಆದರೆ ಅವರು ಸುಮ್ಮನಿರಲಿಲ್ಲ. ಹೆಬ್ಬೆರಳಿನ ಗುರುತು ಕಳಿಸಿದರು. ಅದನ್ನು ‘ನೋಡಿದೆ’ ಅಂತ ಹಾಕಿದ್ದು, ‘ಒಪ್ಪಿದೆ’ ಅಂತ ಅಲ್ಲ ಎಂದು ಅವರು ವಾದ ಮಾಡಬಹುದು. ಬರೀ ಅದೊಂದೇ ಆಗಿದ್ದರೆ ನಾನೂ ಸ್ವಲ್ಪ ಅನುಮಾನ ಪಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಬಂದ 30,000 ಆ ಅನುಮಾನವನ್ನು ತೀರಿಸುತ್ತದೆ. ಬಾಯಲ್ಲಿ ಹೇಳದೆ ನಡತೆಯಲ್ಲಿ ತೋರಿಸಿದರೂ ಒಪ್ಪಿಗೆಯೇ. ಕೊಳ್ಳಲು ಒಪ್ಪದವರು ಅಡ್ವಾನ್ಸ್ ಯಾಕೆ ಹಾಕುತ್ತಾರೆ? ನಿಮ್ಮ ಕರಾರು ಹುಟ್ಟಿದ್ದು ಆ ಅರ್ಧ ಗಂಟೆಯಲ್ಲಿ, ಹಮಾಲಿ ಅವರದು ಅನ್ನುವ ಷರತ್ತಿನ ಸಮೇತ.

ಮೊಬೈಲಿನಲ್ಲಿ ಆಗಿದ್ದು ಅನ್ನುವ ಒಂದೇ ಕಾರಣಕ್ಕೆ ಅದು ಅಸಿಂಧು ಆಗಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಆಮೇಲೆ ಸೇರಿಸಿದ 10ಎ ಕಲಂ ಇದನ್ನೇ ಹೇಳುತ್ತದೆ. ಕೇಸು ಮೈಸೂರಿನಲ್ಲೇ ಹಾಕಬೇಕಾ ಅನ್ನುವ ಭಯವೂ ಬೇಡ. 1965ರಲ್ಲಿ ಸುಪ್ರೀಂ ಕೋರ್ಟು ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದೂ ನಮ್ಮಂಥದ್ದೇ ವ್ಯಾಪಾರ, ಹತ್ತಿಬೀಜದ ಹಿಂಡಿ. ಅಹಮದಾಬಾದಿನವರು ಫೋನಿನಲ್ಲಿ ಕೇಳಿದರು, ಖಾಮಗಾಂವ್‌ನವರು ಫೋನಿನಲ್ಲೇ ಒಪ್ಪಿದರು. ಒಪ್ಪಿಗೆಯ ಮಾತು ಎಲ್ಲಿ ಕೇಳಿಸಿತೋ ಅಲ್ಲೇ ಕರಾರು ಆಯಿತು ಅಂತ ಕೋರ್ಟು ಹೇಳಿತು. ನಿಮ್ಮ ವಿಷಯದಲ್ಲಿ ಒಪ್ಪಿಗೆ ಬಂದು ಮುಟ್ಟಿದ್ದು ನಿಮ್ಮೂರಿಗೆ, ಬೆಲ್ಲ ಎತ್ತಬೇಕಾಗಿದ್ದೂ ನಿಮ್ಮೂರಿನಲ್ಲಿ. ಮದ್ದೂರು ಕೋರ್ಟಿನಲ್ಲಿ ಹಾಕಬಹುದು.

ಮಗನ ವಯಸ್ಸಿನ ವಿಷಯ. ವ್ಯಾಪಾರಿಗೆ ಯಾರೋ ಅರ್ಧ ಕಾನೂನು ಹೇಳಿಕೊಟ್ಟಿದ್ದಾರೆ. ಮೈನರ್ ಮಾಡಿಕೊಂಡ ಕರಾರು ಮೊದಲಿಂದಲೇ ಶೂನ್ಯ ಅನ್ನೋದು ಸರಿ. 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟು) ಮೊಹೊರಿ ಬೀಬಿ ಪ್ರಕರಣದಲ್ಲಿ ಹಾಗೆ ತೀರ್ಮಾನ ಮಾಡಿತ್ತು, ಇವತ್ತಿಗೂ ಅದೇ ಕಾನೂನು. ಆದರೆ ಇಲ್ಲಿ ಬೆಲ್ಲ ಮಾರಿದ್ದು ನಿಮ್ಮ ಮಗ ಅಲ್ಲ, ನೀವು. ಅವನು ನಿಮ್ಮ ಪರವಾಗಿ ಟೈಪ್ ಮಾಡಿದ. ಕರಾರು ಕಾಯ್ದೆಯ 184ನೇ ಕಲಂ ಪ್ರಕಾರ ಯಾರು ಬೇಕಾದರೂ ಏಜೆಂಟ್ ಆಗಬಹುದು, ಮೈನರ್ ಕೂಡ. ಅವನ ಕೆಲಸಕ್ಕೆ ಬದ್ಧರಾಗೋದು ನೀವು. ಅಲ್ಲದೆ ಹಮಾಲಿ ವಿಷಯದ ದನಿ ನಿಮ್ಮದೇ. ಅಡ್ವಾನ್ಸ್ ಯಾರ ಅಕೌಂಟಿಗೆ ಬಂತು ಅಂತ ನೀವು ಬರೆದಿಲ್ಲ. ನಿಮ್ಮದಕ್ಕೆ ಬಂದಿದ್ದರೆ ಈ ವಾದ ಅಲ್ಲಿಗೆ ಮುಗಿಯಿತು.

‘ರೇಟು ಬಿದ್ದಿದೆ, ನಾನೇನು ಮಾಡಲಿ’ ಅನ್ನೋದೂ ನಡೆಯಲ್ಲ. ಸೈನ್ಯಕ್ಕೆ ತುಪ್ಪ ಪೂರೈಸುವ ಒಂದು ಪ್ರಕರಣದಲ್ಲಿ 1960ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಮಾರುಕಟ್ಟೆ ಏರಿಳಿತದಿಂದ ವ್ಯವಹಾರ ದುಬಾರಿಯಾಯಿತು ಅಂತ ಕರಾರಿನಿಂದ ಜಾರಿಕೊಳ್ಳಲು ಬರಲ್ಲ. ರೇಟು 5,800ಕ್ಕೆ ಏರಿದ್ದರೆ ನೀವೂ 5,000ಕ್ಕೇ ಕೊಡಬೇಕಾಗಿತ್ತು, ಅಲ್ವಾ?

ಬಣ್ಣದ ತಕರಾರಿಗೆ ಮಾತ್ರ ಸ್ವಲ್ಪ ಹುಷಾರಾಗಿರಿ. ಮಿಕ್ಕ ತಕರಾರುಗಳಿಗಿಂತ ನಾನು ಜಾಸ್ತಿ ಗಮನ ಕೊಡೋದು ಇದಕ್ಕೆ. ಸ್ಯಾಂಪಲ್ ತೋರಿಸಿ ಮಾರಿದರೆ ಇಡೀ ಮಾಲು ಸ್ಯಾಂಪಲ್‌ಗೆ ಸರಿಹೊಂದಬೇಕು. ‘ಕೆಮಿಕಲ್ ಹಾಕದ್ದು’ ಅಂತ ಹೇಳಿ ಮಾರಿದರೆ ಮಾಲು ಆ ಮಾತಿಗೂ ಸರಿಹೊಂದಬೇಕು. ಕೆಮಿಕಲ್ ಹಾಕದ ಬೆಲ್ಲ ಹಳದಿಯಾಗಿ ಹೊಳೆಯಲ್ಲ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಕೊಟ್ಟ ಸ್ಯಾಂಪಲ್ಲೂ ಅದೇ ಬಣ್ಣದ್ದಾಗಿದ್ದರೆ ಅವರ ತಕರಾರು ನಿಲ್ಲಲ್ಲ. ಆದರೆ 35 ಕ್ವಿಂಟಾಲ್‌ನಲ್ಲಿ ಯಾವುದಾದರೂ ಒಂದು ಪಾಕ ಜಾಸ್ತಿ ಕಾದು ಕಪ್ಪಗಾಗಿದ್ದರೆ, ಈಗಲೇ ನನಗಲ್ಲ, ನಿಮಗೆ ನೀವೇ ನಿಜ ಹೇಳಿಕೊಳ್ಳಿ. ಅಷ್ಟು ಮಾಲನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ. ಮಾರುವ ಮುಂಚೆ ಪ್ರತಿ ಪಾಕದಿಂದ ಒಂದೊಂದು ಅಚ್ಚು ತೆಗೆದು, ಕವರಿಗೆ ಹಾಕಿ, ಮೇಲೆ ತಾರೀಕು ಬರೆದು ಇಡಿ. ಬಿಸಿಲಲ್ಲಿ ಇಟ್ಟು ಫೋಟೊ ತೆಗೆಯಿರಿ. ಬಲ್ಬ್ ಬೆಳಕಿನಲ್ಲಿ ತೆಗೆದರೆ ಎಲ್ಲ ಬೆಲ್ಲವೂ ಒಂದೇ ಥರ ಕಾಣುತ್ತದೆ.

ಇನ್ನು ದುಡ್ಡಿನ ಲೆಕ್ಕ. ಕರಾರು ಮುರಿದರೆ ಕೋರ್ಟು ಕೊಡಿಸೋದು ನಷ್ಟವನ್ನು, ಶಿಕ್ಷೆಯನ್ನಲ್ಲ. ಸರಕಿನ ವಿಷಯದಲ್ಲಿ ನಷ್ಟ ಅಂದರೆ ಕರಾರಿನ ರೇಟು ಮತ್ತು ಎತ್ತಬೇಕಿದ್ದ ದಿನದ ಮಾರುಕಟ್ಟೆ ರೇಟು, ಇವೆರಡರ ವ್ಯತ್ಯಾಸ. 5,000ದಲ್ಲಿ 4,400 ಕಳೆದರೆ ಕ್ವಿಂಟಾಲ್‌ಗೆ 600. ರೆಡಿ ಇದ್ದ 35 ಕ್ವಿಂಟಾಲ್‌ಗೆ 21,000. ಇದಕ್ಕೆ ಅಷ್ಟೇನೂ ತಕರಾರು ಬರಲ್ಲ. ಎರಡನೇ ಲಾಟಿನ 25 ಕ್ವಿಂಟಾಲ್‌ಗೂ ಕೇಳಬಹುದು, ಅವರೇ ಮುಂಚಿತವಾಗಿ ಬೇಡ ಅಂದಿದ್ದಾರೆ. ಆದರೆ ಅಷ್ಟು ಬೆಲ್ಲ ಮಾಡಲು ನಿಮ್ಮ ಹತ್ತಿರ ಕಬ್ಬು ಇತ್ತು, ಆಳು ಇದ್ದರು, ಮಾಡೇ ಮಾಡುತ್ತಿದ್ದಿರಿ ಅಂತ ತೋರಿಸಬೇಕು. ಅದಕ್ಕೆ ಎರಡನೇ ಲಾಟಿನ ದಿನದ ರೇಟು ಲೆಕ್ಕಕ್ಕೆ ಬರುತ್ತದೆ. ಅವತ್ತೂ 4,400 ಇದ್ದರೆ ಇನ್ನೊಂದು 15,000. ಒಟ್ಟು 36,000. ಬೆಲ್ಲವನ್ನು ಎಪಿಎಂಸಿ ಯಾರ್ಡಿಗೆ ಸಾಗಿಸಿದ ಬಾಡಿಗೆ, ಹಮಾಲಿ ಸೇರಿಸಿಕೊಳ್ಳಿ.

ನಿಮ್ಮ ಕೈಯಲ್ಲಿರೋದು 30,000. ಕನಿಷ್ಠ ಲೆಕ್ಕ ಹಿಡಿದರೆ ನೀವೇ ಅವರಿಗೆ 9,000 ವಾಪಸ್ ಕೊಡಬೇಕು. ಗರಿಷ್ಠ ಹಿಡಿದರೆ ಅವರಿಂದ 6,000 ಬರಬೇಕು. ಜಗಳ ಇರೋದು ಈ ಅಂತರದಲ್ಲಿ, ಅಷ್ಟೇ. ಇದನ್ನು ಕಾಗದದ ಮೇಲೆ ಬರೆದು ಅಣ್ಣನಿಗೂ ತೋರಿಸಿ.

ಒಂದು ಮಾತು: ಯಾವ ಊರಿನ ರೇಟು? ವ್ಯಾಪಾರಿ ಮೈಸೂರಿನ ರೇಟು ಹಿಡಿದುಕೊಂಡು ಬರಬಹುದು. ಕಾನ್ಪುರದಲ್ಲಿ ಕೊಡಬೇಕಿದ್ದ ಕ್ಯಾನ್ವಾಸ್ ಬಟ್ಟೆಗೆ ಕಲ್ಕತ್ತೆಯ ರೇಟು ತೋರಿಸಿದ ಒಬ್ಬ ವ್ಯಾಪಾರಿ 1961ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪರಿಹಾರವನ್ನೇ ಕಳೆದುಕೊಂಡ. ಕರಾರು ಇತ್ತು, ಮುರಿದದ್ದೂ ನಿಜ. ಸರಿಯಾದ ಊರಿನ ಅವತ್ತಿನ ರೇಟು ಸಾಬೀತು ಮಾಡಲಿಲ್ಲ, ಅಷ್ಟಕ್ಕೇ ಸೋತ. ನಿಮ್ಮದು ಆಲೆಮನೆ ಬಾಗಿಲಲ್ಲಿ ಕೊಡುವ ಮಾಲು, ಹತ್ತಿರದ ಮಾರುಕಟ್ಟೆ ಮಂಡ್ಯ. ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ದಿನದಿನದ ರೇಟು ದಾಖಲಾಗುತ್ತದೆ. ಎರಡು ಲಾಟು ಎತ್ತಬೇಕಿದ್ದ ಎರಡೂ ದಿನಗಳ ಅಚ್ಚು ಬೆಲ್ಲದ ರೇಟನ್ನು ಅಲ್ಲಿಂದ ಬರೆಸಿಕೊಂಡು ಬನ್ನಿ. ಬಕೆಟ್ ಬೆಲ್ಲ, ಕುರಿಕಟ್ಟು ಅಂಥ ಬೇರೆ ಬಗೆಯ ಬೆಲ್ಲದ ರೇಟು ತಂದರೆ ಉಪಯೋಗ ಇಲ್ಲ.

ಇದನ್ನೆಲ್ಲ ನೋಡಿದ ಮೇಲೆ ನಿಮ್ಮ ಮುಂದೆ ಇರುವ ದಾರಿಗಳು.

ಸ್ಟೇಷನ್ ದಾರಿ ಬೇಡ. ವಂಚನೆ ಆಗಬೇಕಾದರೆ ಮೊದಲ ದಿನದಿಂದಲೇ ಮೋಸದ ಉದ್ದೇಶ ಇರಬೇಕು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಹಿಂದೆ ಎಲ್ಲರ ಬಾಯಲ್ಲೂ ಇದ್ದ 420. ತನ್ನದೇ 30,000 ಹಾಕಿದವನಿಗೆ ಮೊದಲೇ ಮೋಸದ ಉದ್ದೇಶ ಇತ್ತು ಅಂತ ಯಾರು ನಂಬುತ್ತಾರೆ? ಕರಾರು ಮುರಿದದ್ದೆಲ್ಲ ವಂಚನೆ ಅಲ್ಲ ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ದುಡ್ಡು ಅವರದು ನಿಮ್ಮ ಹತ್ತಿರ ಇರುವಾಗ ನೀವು ಸ್ಟೇಷನ್‌ಗೆ ಹೋದರೆ, ಅವರೂ ಅದೇ ಸ್ಟೇಷನ್‌ಗೆ ಬಂದು ‘ಅಡ್ವಾನ್ಸ್ ನುಂಗಿದ್ದಾರೆ’ ಅಂತ ದೂರು ಬರೆದುಕೊಡುತ್ತಾರೆ.

ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳೋದೂ ಸರಿಯಲ್ಲ. ‘ನೀವು ಹಿಂದೆ ಸರಿದರೆ ಇದು ನನಗೆ’ ಅಂತ ಮೊದಲೇ ಮಾತಾಗಿದ್ದರೆ ಬೇರೆ ವಿಷಯ, ಆಗಲೂ ಮೊತ್ತ ನ್ಯಾಯವಾಗಿದೆಯಾ ಅಂತ ಕೋರ್ಟು ನೋಡುತ್ತದೆ. ನಿಮ್ಮಲ್ಲಿ ಅಂಥ ಮಾತು ಆಗಿಲ್ಲ. ನಿಜವಾದ ನಷ್ಟವನ್ನು ಅದರಲ್ಲಿ ಹಿಡಿದುಕೊಳ್ಳಬಹುದು, ಮಿಕ್ಕಿದ್ದು ಅವರದು.

ನಾನಾದರೆ ಮೊದಲು ಒಂದು ನೋಟಿಸ್ ಕಳಿಸುತ್ತೇನೆ. ಸ್ಪೀಡ್ ಪೋಸ್ಟಿನಲ್ಲಿ ಒಂದು, ಅದೇ ವಾಟ್ಸಾಪ್ ನಂಬರಿಗೆ ಅದರದೇ ಫೋಟೊ ಒಂದು. ಬೈಗುಳ ಬೇಡ, ನಾಲ್ಕು ಸಾಲು ಸಾಕು: ಇಂಥ ದಿನ ಇಷ್ಟು ಮಾಲಿಗೆ ಇಷ್ಟು ರೇಟಿಗೆ ಒಪ್ಪಿದ್ದೀರಿ, ಇಷ್ಟು ಅಡ್ವಾನ್ಸ್ ಕೊಟ್ಟಿದ್ದೀರಿ. ಇಂಥ ದಿನ ಬೇಡ ಅಂದಿದ್ದೀರಿ. ಏಳು ದಿನದಲ್ಲಿ ಎತ್ತದಿದ್ದರೆ ಮಂಡ್ಯ ಯಾರ್ಡಿನಲ್ಲಿ ಮಾರುತ್ತೇವೆ. ಬಂದ ನಷ್ಟವನ್ನು ಅಡ್ವಾನ್ಸಿನಲ್ಲಿ ಹಿಡಿದು ಲೆಕ್ಕ ಕೊಡುತ್ತೇವೆ. ಏಳು ದಿನ ಆದ ಮೇಲೆ ನಿಜವಾಗಿ ಮಾರಿಬಿಡಿ. ಬೆಲ್ಲ ನೀರು ಬಿಡಲು ಶುರುವಾಗಿದ್ದರೆ ಏಳರ ಬದಲು ಎರಡೇ ದಿನ ಕೊಡಿ. ಕೋಪಕ್ಕೆ ಮಾಲು ಇಟ್ಟುಕೊಂಡು ಕೂತರೆ ಕೆಟ್ಟ ಬೆಲ್ಲದ ನಷ್ಟ ನಿಮ್ಮ ತಲೆಗೇ ಬರುತ್ತದೆ. ನಷ್ಟ ಕಡಿಮೆ ಮಾಡಿಕೊಳ್ಳಲು ನೀವೇನು ಮಾಡಿದಿರಿ ಅಂತ ಕೋರ್ಟು ಕೇಳೇ ಕೇಳುತ್ತದೆ. ಮಂಡಿಯ ಚೀಟಿ, ತೂಕದ ಚೀಟಿ, ಗಾಡಿ ಬಾಡಿಗೆ ರಸೀದಿ ಜೋಪಾನ. ಈ ದಾರಿಯಲ್ಲಿರುವ ಅಪಾಯ ಒಂದೇ: ನೀವು ಹಿಡಿದುಕೊಂಡ ಮೊತ್ತ ಜಾಸ್ತಿಯಾಯಿತು ಅಂತ ಅವರು ದಾವೆ ಹಾಕಬಹುದು. ಆಗ ನಿಮ್ಮ ಲೆಕ್ಕವನ್ನು ಉತ್ತರದಲ್ಲಿ ಮುಂದಿಟ್ಟರಾಯಿತು. ಅಷ್ಟು ಸಣ್ಣ ಮೊತ್ತಕ್ಕೆ ಸಂತೆಪೇಟೆಯಿಂದ ಮದ್ದೂರಿಗೆ ಓಡಾಡುವ ವ್ಯಾಪಾರಿಯನ್ನು ನಾನು ಕಂಡಿಲ್ಲ.

ರಾಜಿ ಬಂದರೆ ಬಾಗಿಲು ಹಾಕಬೇಡಿ. 4,700ಕ್ಕೆ 35 ಕ್ವಿಂಟಾಲ್ ಎತ್ತುತ್ತೇನೆ ಅಂದರೆ ಯೋಚನೆ ಮಾಡಿ. ಆದರೆ ಹೊಸ ಮಾತಿಗೆ ಇಬ್ಬರೂ ಒಪ್ಪಿದ ಕೂಡಲೇ ಹಳೆಯದು ರದ್ದಾಗುತ್ತದೆ. ಆಮೇಲೆ ‘ಉಳಿದ 300 ಕೊಡಿ’ ಅಂತ ಕೇಳಲು ಬರಲ್ಲ. ಎರಡನೇ ಲಾಟು ಏನಾಯಿತು, ಅಡ್ವಾನ್ಸ್ ಯಾವುದಕ್ಕೆ ವಜಾ ಅನ್ನೋದನ್ನೂ ಅದೇ ಮೆಸೇಜಿನಲ್ಲಿ ಬರೆಯಿರಿ. ನೇರವಾಗಿ ಮಾತಾಡಲು ಆಗದಿದ್ದರೆ ಮದ್ದೂರು ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ದಾವೆ ಹಾಕುವ ಮುಂಚೆಯೇ ಅಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್‌ಗೆ ಕರೆಸಬಹುದು, ಕೋರ್ಟ್ ಫೀಸು ಇಲ್ಲ. ಅವರು ಬರದೆ ಇದ್ದರೆ ಬಲವಂತ ಮಾಡಲಾಗಲ್ಲ, ಅದೊಂದು ಕೊರತೆ. ಬಂದು ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅಪೀಲೂ ಇಲ್ಲ.

ದಾವೆಗೆ ಕರಾರು ಮುರಿದ ದಿನದಿಂದ ಮೂರು ವರ್ಷ ಟೈಮಿದೆ. 6,000 ವಸೂಲಿಗೆ ದಾವೆ ಹಾಕಿ ಅಂತ ನಾನು ಹೇಳಲ್ಲ. ನನ್ನ ಫೀಸೇ ಅದಕ್ಕಿಂತ ಜಾಸ್ತಿ ಆಗುತ್ತದೆ.

ಏನೇ ಮಾಡಿದರೂ ಆ ಫೋನು ಬದಲಾಯಿಸಬೇಡಿ. ಮಗನಿಗೆ ಹೊಸ ಮೊಬೈಲ್ ಕೊಡಿಸುವ ಆಲೋಚನೆ ಇದ್ದರೂ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಬೇಡಿ. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಡಿ, ವಾಯ್ಸ್ ಮೆಸೇಜ್ ಸಮೇತ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತಂದರೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದನ್ನು ವಕೀಲರು ಮಾಡಿಸುತ್ತಾರೆ, ಆದರೆ ಮೂಲ ಚಾಟ್ ಉಳಿಸಿಕೊಳ್ಳೋದು ನಿಮ್ಮ ಕೆಲಸ. ಅಡ್ವಾನ್ಸ್ ಬಂದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ತೆಗೆಸಿ. ಅವರು ತಮ್ಮ ಕಡೆಯಿಂದ ಮೆಸೇಜ್ ಅಳಿಸಿದರೂ ಬ್ಯಾಂಕಿನ ನಮೂದು ಅಳಿಸಲು ಆಗಲ್ಲ.

ಮುಂದಿನ ಆರ್ಡರ್‌ಗೆ ಸ್ಟಾಂಪ್ ಪೇಪರ್ ಹುಡುಕಿಕೊಂಡು ಹೋಗಬೇಡಿ. ಮಗನ ಕೈಲಿ ಇಷ್ಟು ಟೈಪ್ ಮಾಡಿಸಿ, ಕೆಳಗೆ ನಿಮ್ಮ ಹೆಸರು ಹಾಕಿಸಿ: ‘ಕೆಮಿಕಲ್ ಹಾಕದ ಅಚ್ಚು ಬೆಲ್ಲ, ಕಳಿಸಿದ ಸ್ಯಾಂಪಲ್ ಬಣ್ಣದ್ದು, ಇಷ್ಟು ಕ್ವಿಂಟಾಲ್, ಇಷ್ಟು ರೇಟು. ಇಂಥ ತಾರೀಕಿಗೆ ನಮ್ಮ ಆಲೆಮನೆಯಿಂದ ಎತ್ತಬೇಕು, ಹಮಾಲಿ ನಿಮ್ಮದು. ಅಡ್ವಾನ್ಸ್ ಇಷ್ಟು. ತಾರೀಕು ಮೀರಿದರೆ ಯಾರ್ಡಿನಲ್ಲಿ ಮಾರಿ ವ್ಯತ್ಯಾಸವನ್ನು ಅಡ್ವಾನ್ಸಿನಲ್ಲಿ ಹಿಡಿಯುತ್ತೇವೆ. ಒಪ್ಪಿಗೆ ಇದ್ದರೆ ಒಪ್ಪಿದ್ದೇನೆ ಅಂತ ಬರೆದು ಕಳಿಸಿ.’ ಹೆಬ್ಬೆರಳಿನ ಗುರುತು ಬಂದರೆ, ‘ಸಾರ್, ಅಕ್ಷರದಲ್ಲಿ ಹಾಕಿ’ ಅಂತ ಇನ್ನೊಂದು ಸಲ ಕೇಳಿ. ಆಮೇಲೆ ಕೊಪ್ಪರಿಗೆಗೆ ಕಬ್ಬಿನ ಹಾಲು ಬಿಡಿ.